ದೇವೀರಮ್ಮ ತಿಂದ ಮೊಟ್ಟೆ

ನಮ್ಮೂರಲ್ಲಿ ಮೊಟ್ಟೆ ತಿಂದವರಿಗೆ ಅದನ್ನಿಟ್ಟ ಕೋಳಿಯ ದಿನ ಮೈಗೆ ಬರುತ್ತಿತ್ತು. ಯಾಕೆ ಹಾಗೆ ಎಂದು ನನ್ನನ್ನು ಕೇಳಬೇಡಿ. ನಾನು ಟೈಲರು, ಅಂಗಿ ಯಾಕೆ ಬಿಗಿಯಾಯಿತು ಎಂದರೆ ಹೇಳಬಲ್ಲೆ, ಅಷ್ಟೆ. ನನಗೆ ಮದುವೆಯಾದ ಹೊಸದರಲ್ಲಿ ಊರಿನ ಕೋಳಿಗಳೆಲ್ಲ ಹಿತ್ತಿಲಲ್ಲಿ, ತಿಪ್ಪೆಯ ಮೇಲೆ, ಬೇಲಿ ಸಂದಿಯಲ್ಲಿ ಓಡಾಡಿಕೊಂಡಿದ್ದವು. ಆಗ ಭಾನುವಾರ ಬೆಳಿಗ್ಗೆ ಎರಡು ಮೊಟ್ಟೆ ತಿಂದರೆ ಮುಗಿಯಿತು, ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ, ನೆಲ ಕೆದಕುವ ಆಸೆ ಹುಟ್ಟುತ್ತಿತ್ತು. ಊರಿನ ದೊಡ್ಡ ಮನುಷ್ಯರೂ ಚಪ್ಪಲಿ ಬಿಟ್ಟು ಹೊಂಗೆ ಮರದಡಿಯ ಧೂಳಲ್ಲಿ ಕಾಲಾಡಿಸುತ್ತ ಗಂಭೀರವಾಗಿ ನಿಂತಿರುತ್ತಿದ್ದರು. ಹೆಂಗಸರು ಬಿಸಿಲು ಕಂಡಲ್ಲಿ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಸಂಜೆ ಬೆಳಕು ಇಳಿಯುತ್ತಿದ್ದಂತೆ ಎಲ್ಲರಿಗೂ ಎಲ್ಲಾದರೂ ಎತ್ತರದಲ್ಲಿ ಕೂರಬೇಕು ಅನ್ನಿಸುತ್ತಿತ್ತು. ಜಗಲಿಯೋ, ಗಾಡಿಯ ಮೂಕಿಯೋ, ಶಾಲೆಯ ಕಾಂಪೌಂಡೋ, ಸಿಕ್ಕಿದ್ದರ ಮೇಲೆ ಊರಿಗೆ ಊರೇ ಸಾಲಾಗಿ ಕೂತು ಮಾತಿಲ್ಲದೆ ಹೊತ್ತು ಮುಳುಗುವುದನ್ನು ನೋಡುತ್ತಿತ್ತು. ನನ್ನ ಪಕ್ಕದಲ್ಲಿ ದೇವೀರಮ್ಮ ಇರುತ್ತಿದ್ದಳು, ನನ್ನ ಹೆಂಡತಿ. ಎಂಥ ಭಾನುವಾರಗಳು ಅವು! ಈಗ ಅವಳು ಹೋಗಿ ಆರು ವರ್ಷವಾಯಿತು.

ಆಮೇಲೆ ಊರಿನ ಮೂಡಲಿಗೆ ಬೆಟ್ಟಸ್ವಾಮಿಯ ಶೆಡ್ಡು ಬಂತು. ತಗಡಿನ ಚಾವಣಿ, ಒಳಗೆ ಒಂದರ ಮೇಲೊಂದು ತಂತಿಯ ಗೂಡುಗಳು. ಒಂದೊಂದು ಗೂಡಿನಲ್ಲಿ ನಾಲ್ಕು ಕೋಳಿ. ರೆಕ್ಕೆ ಬಿಚ್ಚುವುದಿರಲಿ, ತಿರುಗಿ ನಿಲ್ಲಬೇಕಾದರೂ ಪಕ್ಕದ್ದರ ಅಪ್ಪಣೆ ಬೇಕು. ಬೆಟ್ಟಸ್ವಾಮಿ ಕೆಟ್ಟವನೇನಲ್ಲ. ನಗುನಗುತ್ತ ಮಾತಾಡುವವನು, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಚಟ್ಟಕ್ಕೆ ಬಿದಿರು ತರಿಸುವವನು. ಮೊಟ್ಟೆ ಅಗ್ಗವಾಯಿತು, ದಿನಾ ಸಿಗುವಂತಾಯಿತು. ಹಿತ್ತಿಲ ಕೋಳಿಯನ್ನು ನಾಯಿ, ಮುಂಗುಸಿಗಳಿಂದ ಕಾಯುವ ತಾಪತ್ರಯ ತಪ್ಪಿತೆಂದು ಒಬ್ಬೊಬ್ಬರಾಗಿ ಎಲ್ಲರೂ ಸಾಕುವುದನ್ನೇ ಬಿಟ್ಟರು. ಶೆಡ್ಡಿನ ಮೊಟ್ಟೆ ತಿಂದ ಮೊದಲ ಭಾನುವಾರ ಯಾರ ಕಾಲೂ ನೆಲ ಕೆದಕಲಿಲ್ಲ. ಬದಲಿಗೆ ಎರಡೂ ಮೊಣಕೈ ಪಕ್ಕೆಗೆ ಅಂಟಿಕೊಂಡವು. ಹೊತ್ತು ಮುಳುಗುವವರೆಗೆ ತೋಳು ಮೇಲೇಳಲಿಲ್ಲ, ಅಗಲವಾಗಲಿಲ್ಲ.

ಜನ ಬೇಜಾರು ಮಾಡಿಕೊಂಡರು, ಆಮೇಲೆ ಒಗ್ಗಿಕೊಂಡರು. ಬಸ್ಸಿನವರು ಹಿಡಿದುಕೊಳ್ಳುವ ಕಂಬಿಯನ್ನು ಸೊಂಟದ ಮಟ್ಟಕ್ಕೆ ಇಳಿಸಿದರು. ಅಡುಗೆಮನೆಯ ಹಲಗೆಗಳು ಕೆಳಗೆ ಬಂದವು. ಕ್ಷೌರದವನು ಮಂಗಳವಾರ ಮಾತ್ರ, ಅಂಗಡಿ ಮುಚ್ಚಿರುವಾಗ, ಮೊಟ್ಟೆ ತಿನ್ನುತ್ತಿದ್ದ. ಶಾಲೆಯಲ್ಲಿ ಮೊಟ್ಟೆ ಕೊಡುವ ದಿನ ಮಕ್ಕಳು ಕೈ ಎತ್ತುವ ಬದಲು ಕಾಲು ತಟ್ಟಿ ಹಾಜರಿ ಹೇಳುತ್ತಿದ್ದರು. ನಾನೂ ನನ್ನ ಪಾಲಿನ ಬುದ್ಧಿವಂತಿಕೆ ತೋರಿಸಿದೆ. ತೋಳೆತ್ತದೆ ಹಾಕಿಕೊಳ್ಳುವಂಥ, ಬೆನ್ನ ಕಡೆಯಿಂದ ತೊಡಿಸಿ ಗುಂಡಿ ಹಾಕುವ ಒಂದು ಅಂಗಿ ಕಂಡುಹಿಡಿದೆ. 'ಭಾನುವಾರದ ಅಂಗಿ' ಎಂದು ಅದಕ್ಕೆ ಹೆಸರೇ ಬಿತ್ತು. ಅಂಥ ಅಂಗಿಗಳನ್ನು ಎಷ್ಟು ಹೊಲಿದೆನೋ! ಆಗ ಅದರ ಬಗ್ಗೆ ಹೆಮ್ಮೆಯಿತ್ತು ನನಗೆ.

ದೇವೀರಮ್ಮ ಮಾತ್ರ ಒಗ್ಗಿಕೊಳ್ಳಲಿಲ್ಲ. ಆಗ ನಮ್ಮ ಮಗಳಿಗೆ ಮೂರು ವರ್ಷ. ಒಂದು ಬೆಳಿಗ್ಗೆ ಮಗುವಿಗೆ ಮೊಟ್ಟೆ ತಿನ್ನಿಸಿ ಇವಳು ನೀರಿಗೆ ಹೋಗಿದ್ದಳು. ವಾಪಸು ಬಂದಾಗ ಮಗು ಎಂದಿನಂತೆ ಓಡಿ ಬಂದು ಇವಳ ಕಾಲ ಬಳಿ ನಿಂತಿತು. ಎತ್ತಿಕೋ ಎಂದು ಮುಖ ಕೇಳುತ್ತಿತ್ತು, ತೋಳು ಮೇಲೆ ಬರಲಿಲ್ಲ. ಮತ್ತೆ ಮತ್ತೆ ಯತ್ನಿಸಿ ಮಗು ತಬ್ಬಿಬ್ಬಾಗಿ ಅಳತೊಡಗಿತು. ದೇವೀರಮ್ಮ ಕೊಡ ಇಳಿಸಿ ಅದನ್ನು ಎತ್ತಿಕೊಂಡಳು, ಬಹಳ ಹೊತ್ತು ಕೆಳಗಿಳಿಸಲಿಲ್ಲ. ಆಮೇಲೆ ಮೊಟ್ಟೆ ಹುರಿಯುವ ಬಾಣಲೆಯನ್ನು ಬೂದಿ ಹಾಕಿ ತಿಕ್ಕಿ, ಬೀದಿಬಾಗಿಲ ಪಕ್ಕದ ಮೊಳೆಗೆ ಬೋರಲಾಗಿ ನೇತುಹಾಕಿದಳು.

"ಇನ್ನು ನಾನು ತಿನ್ನಲ್ಲ, ಮಗೂಗೂ ಕೊಡಲ್ಲ. ನೀವು ತಿನ್ಕೊಳ್ಳೋದಾದ್ರೆ ನೀವೇ ಬೇಯಿಸ್ಕೊಳ್ಳಿ," ಎಂದಳು.

ನಾನು ಬೇಯಿಸಿಕೊಂಡೆ. ಮುಚ್ಚಿಡುವುದೇನು, ಮೊಟ್ಟೆಯ ಮೇಲೆ ನನಗೆ ಪ್ರಾಣ. ಭಾನುವಾರ ಹಿತ್ತಿಲಲ್ಲಿ ಕಳ್ಳನ ಹಾಗೆ ಕೂತು ಎರಡು ಮೊಟ್ಟೆ ತಿನ್ನುತ್ತಿದ್ದೆ. ಮೊಣಕೈ ಅಂಟಿಕೊಂಡ ಮೇಲೆ ತಲೆ ಬಾಚುವುದು, ಅಂಗಿಯ ಗುಂಡಿ ಹಾಕುವುದು ಅವಳೇ. ಒಂದು ಮಾತೂ ಆಡದೆ ಬಾಚುತ್ತಿದ್ದಳು, ಆದರೆ ಬಾಚಣಿಗೆ ಮಾತಾಡುತ್ತಿತ್ತು, ಬುರುಡೆ ಉರಿಯುವ ಹಾಗೆ.

ಬಾಗಿಲಿಗೆ ಬಾಣಲೆ ಬೋರಲು ಹಾಕುವುದು ಊರಲ್ಲಿ ಒಂದು ಗುರುತಾಯಿತು. ದೇವೀರಮ್ಮ ಉಪದೇಶ ಮಾಡುವವಳಲ್ಲ. ಯಾರದೋ ಮನೆಗೆ ಹೋಗಿ, ಅವರ ಅಕ್ಕಿ ಮೊರವನ್ನು ತನ್ನ ತೊಡೆಗೆ ಎಳೆದುಕೊಂಡು ಕಲ್ಲು ಆರಿಸುತ್ತ ಕೂರುತ್ತಿದ್ದಳು. ಏಳುವ ಹೊತ್ತಿಗೆ ನಮ್ಮ ಮಗುವಿನ ಕತೆ ಹೇಳಿ ಎದ್ದುಬರುತ್ತಿದ್ದಳು. ವಾರ ಬಿಟ್ಟು ಆ ಮನೆಯ ಬಾಗಿಲಲ್ಲಿ ಬಾಣಲೆ ಕಾಣಿಸುತ್ತಿತ್ತು. ಮೊದಲು ಹಾಕಿದವಳು ಹುರಿಗಡಲೆಯ ಜವರಮ್ಮ. ಗಂಡ ಹೆಂಡತಿ ಇಬ್ಬರೂ ಸಂತೆಬೀದಿಯಲ್ಲಿ ಮಡಕೆಯ ಮರಳಿನಲ್ಲಿ ಕಡಲೆ ಹುರಿದು ಮಾರುತ್ತಿದ್ದರು. ದೇವೀರಮ್ಮನನ್ನು ಅಕ್ಕಾ ಎಂದು ಕರೆದು, ಅವಳು ಕೂತಲ್ಲಿ ಕೂತು ಎದ್ದಲ್ಲಿ ಏಳುತ್ತಿದ್ದವಳು. ಎಂಟು ವರ್ಷವಾದ ಮೇಲೆ ಜವರಮ್ಮನ ಗಂಡ ಜ್ವರ ಹಿಡಿದು, ಮಲಗಿದಲ್ಲೇ ಸವೆದು ತೀರಿಕೊಂಡ. ಆಮೇಲಂತೂ ಅವಳಿಗೆ ದೇವೀರಮ್ಮನೇ ತವರು. ಇಬ್ಬರೂ ಸೇರಿ ಮನೆಮನೆ ತಿರುಗಿ ತಿರುಗಿ, ಹನ್ನೊಂದನೆಯ ವರ್ಷಕ್ಕೆ ಊರಿನಲ್ಲಿ ಅರವತ್ತಮೂರು ಬಾಣಲೆ ಬೋರಲಾಗಿದ್ದವು. ಸಂಜೆ ಬೀದಿಯಲ್ಲಿ ನಡೆದು ಬರುವಾಗ ಇವಳು ಅವನ್ನು ನೋಡುತ್ತ ಬರುತ್ತಿದ್ದ ರೀತಿ ನನಗೆ ಕಣ್ಣಿಗೆ ಕಟ್ಟಿದಂತಿದೆ.

ಅದೇ ವರ್ಷ ಬೆಟ್ಟಸ್ವಾಮಿ ಶೆಡ್ಡನ್ನು ಇನ್ನೂ ಉದ್ದ ಮಾಡಿದ.

ಒಂದು ಭಾನುವಾರ ಸಂಜೆ, ನನ್ನ ತೋಳು ಆಗಷ್ಟೇ ಸಡಿಲವಾಗಿತ್ತು, ದೇವೀರಮ್ಮ ಬಂದು ಜಗಲಿಯ ಮೇಲೆ ಕುಸಿದಳು. "ಹೊಸ ಗೂಡು ಹಾಕಿದಾನೆ ಕಣ್ರೀ. ಎಷ್ಟು ಅಂತ ನೋಡಕ್ಕೂ ಆಗ್ಲಿಲ್ಲ. ಅರವತ್ತಮೂರು ಮನೆ ಬಿಟ್ವಲ್ಲ ನಾವು, ಹಂಗಾದ್ರೆ ಯಾರು ತಿಂತಿರೋದು?"

"ಹಾಸ್ಟೆಲ್ಲು, ಆಸ್ಪತ್ರೆ, ಇಸ್ಕೂಲು," ಎಂದೆ. "ಹತ್ತು ಮೊಟ್ಟೇಲಿ ಒಂಬತ್ತು ಅಲ್ಲಿಗೇ ಹೋಗ್ತವೆ. ನೀನು ಬಿಡಿಸಿದ್ದು ಉಳಿದ ಒಂದರಲ್ಲಿ ಕಾಲುಭಾಗ."

"ಅದು ನಿಮಗೆ ಯಾವಾಗಿಂದ ಗೊತ್ತು?"

ಊರಸಭೆಯಲ್ಲಿ ಪ್ರತಿವರ್ಷ ಒಳಗೆ ಕೂತವರಿಗೆ ಲೆಕ್ಕದ ಹಾಳೆ ತೋರಿಸುತ್ತಾರೆ, ಅಲ್ಲಿ ನೋಡಿದ್ದೆ ಎಂದೆ. ಹೇಳಬೇಕು ಅನ್ನಿಸಲಿಲ್ಲವೇ ಎಂದಳು. ಬಾಣಲೆಗಳನ್ನು ನೋಡುತ್ತ ಬರುವವಳಿಗೆ ಆ ಲೆಕ್ಕ ಹೇಳುವ ಧೈರ್ಯ ನನಗೆ ಹನ್ನೊಂದು ವರ್ಷವೂ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ಹೇಳದಿದ್ದರೆ ನನಗೂ ಆರಾಮವಿತ್ತು.

ಇಲ್ಲಿ ನಮ್ಮೂರಸಭೆಯ ಕಟ್ಟಳೆ ಹೇಳಬೇಕು. ಊಟದ ಪದಾರ್ಥದ ಮಾತು ಬಂದಾಗ, ಅದನ್ನು ಅವತ್ತು ಬೆಳಿಗ್ಗೆ ತಿಂದು ಬಂದವರಿಗಷ್ಟೇ ಒಳಗೆ ಪ್ರವೇಶ. ತಿನ್ನದವರು ಹೊರಗೆ ಜಗಲಿಯಲ್ಲಿ ನಿಂತು ಕಿಟಕಿಯಿಂದ ಕೇಳಿಸಿಕೊಳ್ಳಬಹುದು, ಬಾಯಿ ಹಾಕುವಂತಿಲ್ಲ. ಹಿಂದಿನವರು ಏನೋ ಒಳ್ಳೆಯ ಉದ್ದೇಶದಿಂದಲೇ ಮಾಡಿರಬೇಕು. ಹಾಸ್ಟೆಲಿನ ಸಾರು ಉಣ್ಣದೆ ಅದರ ಬಗ್ಗೆ ತೀರ್ಪು ಕೊಡುವ ದೊಡ್ಡವರು ಅವರ ಕಾಲದಲ್ಲೂ ಇದ್ದರೇನೋ. ಹಾಸ್ಟೆಲ್ಲು, ಆಸ್ಪತ್ರೆ, ಶಾಲೆಗೆ ಮೊಟ್ಟೆ ಒದಗಿಸುವ ಗುತ್ತಿಗೆ ತೀರ್ಮಾನವಾಗುವ ದಿನ ಬಾಗಿಲಲ್ಲಿ ಜವಾನ ನಿಂತು, "ಕೈ ಅಗಲಿಸಿ ನೋಡಣ," ಎನ್ನುತ್ತಿದ್ದ. ಅಗಲವಾದರೆ ಜಗಲಿಗೆ, ಇಲ್ಲದಿದ್ದರೆ ಒಳಕ್ಕೆ. ಹೀಗೆ ಮೊಟ್ಟೆ ಬಿಟ್ಟವರೆಲ್ಲ ವರ್ಷವರ್ಷವೂ ಜಗಲಿಯಲ್ಲಿ, ನನ್ನಂಥವರು ಒಳಗೆ. ಒಳಗೆ ಅಧ್ಯಕ್ಷ ನರಸಯ್ಯ, ಹಿಂದಿನ ಅಧ್ಯಕ್ಷರು ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳುತ್ತಿದ್ದ: "ಬೆಟ್ಟಸ್ವಾಮಿಯವರ ಗುತ್ತಿಗೆ ಬೇಡ ಅನ್ನೋರು ತಲೆ ಮೇಲೆ ಕೈ ಎತ್ತಿ." ತಲೆಯ ಮೇಲಕ್ಕೆ ಎದ್ದ ಕೈಯನ್ನಷ್ಟೇ ಎಣಿಸುವುದು ಪದ್ಧತಿ. ಮಾತಾಡಬೇಕಾದರೂ ಮೊದಲು ಕೈ ಎತ್ತಬೇಕು. ಯಾರ ಕೈಯೂ ಏಳುತ್ತಿರಲಿಲ್ಲ. "ಸರ್ವಾನುಮತ," ಎಂದು ನರಸಯ್ಯ ಬರೆಸಿ ಮುಗಿಸುತ್ತಿದ್ದ.

ಇದನ್ನೆಲ್ಲ ನಾನು ಹೇಳಿದಾಗ ದೇವೀರಮ್ಮ, "ಗೊತ್ತಿರೋದೇ ಅಲ್ವಾ, ಒಳಗಿರೋರೆಲ್ಲ ಬೆಟ್ಟಸ್ವಾಮಿ ಕಡೆಯೋರು," ಎಂದಳು.

"ಅಲ್ಲ ಕಣೇ," ಎಂದೆ. "ನಾನು ಟೈಲರು. ಜನ ಮುಖ ನೋಡಿದ್ರೆ ನಾನು ಭುಜ ನೋಡೋನು. ನರಸಯ್ಯ ಹಂಗೆ ಕೇಳಿದಾಗೆಲ್ಲ ಅರ್ಧ ಸಭೆಯ ಭುಜ ಅದುರುತ್ತೆ. ಎತ್ತಕ್ಕೆ ನೋಡ್ತಾರೆ, ಆಗಲ್ಲ. ಒಂದೆರಡು ಸಲ ನಾನೂ ನೋಡಿದೀನಿ."

ಅವಳು ಬಾಯಿ ತೆರೆದು ನನ್ನನ್ನೇ ನೋಡಿದಳು. ಹನ್ನೊಂದು ವರ್ಷ ಜಗಲಿಯಲ್ಲಿ ನಿಂತು, ಕಿಟಕಿಯ ಆಚೆ ಕೂತವರ ಬೆನ್ನನ್ನು ಸಿಟ್ಟಿನಿಂದ ನೋಡಿದ್ದಳು. ಆ ಬೆನ್ನುಗಳು ತನ್ನ ಕಡೆಯವೇ ಆಗಿರಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ. "ಒಂದ್ಸಲ ತಿರುಗಿಸಿ ಕೇಳಿದ್ರೆ?" ಎಂದಳು ಕೊನೆಗೆ. "ಬೇಕು ಅನ್ನೋರು ಕೈ ಎತ್ತಿ ಅಂದ್ರೆ?"

"ಯಾರು ಹೇಳೋರು? ಮಾತಾಡಕ್ಕೂ ಕೈ ಎತ್ಬೇಕಲ್ಲ."

ಹೀಗೆಂದವನು ನಾಲಿಗೆ ಕಚ್ಚಿಕೊಂಡೆ. ಕೈ ಎತ್ತದೆ ಮಾತಾಡುವ ಹಕ್ಕು ಒಬ್ಬರಿಗಿತ್ತು. ಅದಕ್ಕೆ ಹೊಸ ಬಾಯಿ ಎನ್ನುತ್ತಿದ್ದರು. ಊರಿಗೆ ಹೊಸದಾಗಿ ಬಂದ ಸೊಸೆಯೋ, ವಲಸೆ ಬಂದವರೋ ಆ ಪದಾರ್ಥವನ್ನು ಮೊದಲ ಸಲ ತಿಂದು ಸಭೆಗೆ ಬಂದರೆ, ಅವರ ನಾಲಿಗೆ ಇನ್ನೂ ಒಗ್ಗಿಲ್ಲ ಎಂಬ ಕಾರಣಕ್ಕೆ ಮೊದಲ ಮಾತು ಅವರದು. ಹತ್ತು ವರ್ಷಕ್ಕೂ ಮೇಲೆ ಬಿಟ್ಟು ಮತ್ತೆ ತಿಂದವರೂ ಹೊಸ ಬಾಯಿಯೇ. ಹತ್ತು ದಾಟಿದವರು ಊರಲ್ಲಿ ಇಬ್ಬರೇ, ದೇವೀರಮ್ಮ ಮತ್ತು ಜವರಮ್ಮ.

ಅವಳಿಗೂ ಅದೇ ಕ್ಷಣ ಹೊಳೆಯಿತು. "ಅಯ್ಯೋ, ನನ್ನ ಕೈಲಿ ಆಗಲ್ಲ," ಎಂದು ಎದ್ದು ಒಳಗೆ ಹೋದಳು.

ನಾಲ್ಕು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ನಾನು ಬೇಡ ಎಂದೂ ಹೇಳಲಿಲ್ಲ, ಮಾಡು ಎಂದೂ ಹೇಳಲಿಲ್ಲ; ವಾರವಾರ ತಿನ್ನುವವನು ಯಾವ ಬಾಯಲ್ಲಿ ಹೇಳಲಿ? ಐದನೆಯ ದಿನ, "ಜವರೀಗೆ ಹೇಳದೆ ಮಾಡಲ್ಲ, ಬನ್ನಿ," ಎಂದು ನನ್ನನ್ನೂ ಕರೆದುಕೊಂಡು ಸಂತೆಬೀದಿಗೆ ಹೋದಳು.

ಜವರಮ್ಮ ಮರಳು ಜರಡಿ ಹಿಡಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು. ಕೇಳಿದ ಮೇಲೂ ಜರಡಿ ನಿಲ್ಲಿಸಲಿಲ್ಲ. ಆಮೇಲೆ ತಲೆ ಎತ್ತದೆ ಹೇಳಿದಳು: "ಅವರು ಸಾಯೋಕೆ ಎರಡು ದಿನ ಮುಂಚೆ ಒಂದು ಮೊಟ್ಟೆ ಬೇಯಿಸ್ಕೊಡು ಅಂದ್ರು ಕಣಕ್ಕ. ಏನೂ ಸೇರ್ತಿರ್ಲಿಲ್ಲ ಅವ್ರಿಗೆ, ಅದೊಂದರ ಮೇಲೆ ಆಸೆಯಾಗಿತ್ತು. ನಾಳೆ ಕೊಡ್ತೀನಿ ಅಂತ ಸುಳ್ಳು ಹೇಳಿ ಕಡಲೆಹಿಟ್ಟಿನ ಗಂಜಿ ಕೊಟ್ಟೆ. ಮಾರನೇ ದಿನಾನೂ ಕೇಳಿದ್ರು. ಬಾಗಿಲಲ್ಲಿ ಬಾಣಲೆ ಹಾಕಿದೀನಿ, ಅಕ್ಕಂಗೆ ಮಾತು ಕೊಟ್ಟಿದೀನಿ ಅಂತ ಕೊಡ್ಲಿಲ್ಲ ನಾನು. ಇದನ್ನ ನಿನಗೂ ಹೇಳಿರ್ಲಿಲ್ಲ." ಈಗ ಜರಡಿ ನಿಂತಿತು. "ನೀನೇ ತಿಂದುಬಿಟ್ರೆ, ನಾನು ಅವ್ರಿಗೆ ಕೊಡದೆ ಇದ್ದದ್ದು ಏನಾಯ್ತು, ಹೇಳು?"

ಬೇಕಾದರೆ ನೀನೇ ಹೊಸ ಬಾಯಿಯಾಗು, ನಾನು ಹೊರಗೆ ನಿಲ್ಲುತ್ತೇನೆ ಎಂದು ದೇವೀರಮ್ಮ ಜವರಮ್ಮನಿಗೆ ಹೇಳಬಹುದಿತ್ತು, ಹೇಳಲಿಲ್ಲ. ಗಂಡನಿಗೆ ಕೊಡದ ಮೊಟ್ಟೆಯನ್ನು ನೀನು ತಿನ್ನು ಎಂದು ಯಾರಾದರೂ ಯಾರಿಗಾದರೂ ಹೇಗೆ ಹೇಳುತ್ತಾರೆ? ಅವಳು ಜವರಮ್ಮನ ಭುಜ ಮುಟ್ಟಲು ಹೋದಳು. ಜವರಮ್ಮ ಸರಿದು ಕೂತಳು.

ದಾರಿಯಲ್ಲಿ ನಾನು, "ಬಿಟ್ಟುಬಿಡೇ. ಇಷ್ಟು ವರ್ಷ ಇದ್ದ ಶೆಡ್ಡು, ಇನ್ನೂ ಇರ್ಲಿ," ಎಂದೆ.

"ಅದನ್ನೇ ಯೋಚಿಸ್ತಿದ್ದೆ," ಎಂದಳು. "ಜವರಿ ನನ್ನ ಬಿಟ್ಟು ಹೋಗ್ತಾಳೆ. ಅದು ಗೊತ್ತು ನನಗೆ. ಆದ್ರೆ ನಾನು ತಿನ್ನದೆ ಇದ್ರೆ ನಾನು ಚೆನ್ನಾಗಿರ್ತೀನಿ, ಜವರಿ ಚೆನ್ನಾಗಿರ್ತಾಳೆ, ನಮ್ಮ ಬಾಣಲೆಗಳು ಚೆನ್ನಾಗಿರ್ತವೆ. ಆ ಕೋಳಿಗಳು?" ಸ್ವಲ್ಪ ದೂರ ನಡೆದ ಮೇಲೆ ಬೀದಿಯಲ್ಲೇ ನಿಂತು ಅತ್ತಳು. ನಾನು ಅವಳ ಕೈ ಹಿಡಿದುಕೊಂಡೆ. ನಮ್ಮೂರಲ್ಲಿ ಗಂಡಸರು ಬೀದಿಯಲ್ಲಿ ಹೆಂಡತಿಯ ಕೈ ಹಿಡಿಯುವುದಿಲ್ಲ, ನಾನು ಹಿಡಿದೆ.

ಗುತ್ತಿಗೆಯ ದಿನ ಬೆಳಿಗ್ಗೆ ಎರಡು ಮೊಟ್ಟೆ ಬೇಯಿಸಿದೆ. ಇಬ್ಬರ ತೋಳೂ ನಿಂತುಹೋದ ಮೇಲೆ ಸೆರಗು ಜಾರಿದರೆ ಸರಿ ಮಾಡುವವರಿಲ್ಲ ಎಂದು, ಮೊದಲೇ ಅವಳ ಭುಜಕ್ಕೆ ಮೂರು ಪಿನ್ನು ಹಾಕಿದೆ. ಮಗಳು ಆಗ ಹದಿನಾಲ್ಕರವಳು, ಬಾಗಿಲಿಗೊರಗಿ ನಿಂತು ಅಮ್ಮನನ್ನೇ ನೋಡುತ್ತಿದ್ದಳು. ದೇವೀರಮ್ಮ ಮೊಟ್ಟೆಯನ್ನು ಬಿಡಿಸಿ, ಉಪ್ಪು ಕೂಡ ಹಾಕದೆ, ನಾಲ್ಕು ತುತ್ತಿಗೆ ತಿಂದಳು. ಕಣ್ಣು ಮುಚ್ಚಿ ಕೂತಳು. ಸ್ವಲ್ಪ ಹೊತ್ತಿನಲ್ಲಿ ಅವಳ ಮೊಣಕೈಗಳು ಮೆಲ್ಲಗೆ ಬಂದು ಪಕ್ಕೆಗೆ ಒತ್ತಿಕೊಂಡವು. ಅವಳ ಮುಖದ ಮೇಲೆ ಹಾದುಹೋದದ್ದನ್ನು ನಾನು ನೋಡಬಾರದಿತ್ತು.

ಸಭೆಯ ಜಗಲಿಯಲ್ಲಿ ಬಾಣಲೆಯವರೆಲ್ಲ ನಿಂತಿದ್ದರು. ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಯಾರೂ ಮಾತಾಡಿಸಲಿಲ್ಲ, ದಾರಿ ಮಾತ್ರ ಬಿಟ್ಟರು. ಜವರಮ್ಮ ಕಿಟಕಿಯ ಸರಳು ಹಿಡಿದು ಮುಖ ಆಚೆ ತಿರುಗಿಸಿದ್ದಳು. ಜವಾನ ಬೆಪ್ಪಾಗಿ, "ಕೈ ಅಗಲಿಸಿ ನೋಡಣ, ತಾಯಿ," ಎಂದ. ಅಗಲವಾಗಲಿಲ್ಲ. ದೇವೀರಮ್ಮ ಒಳಗೆ ಹೋದಳು.

ಹೊಸ ಬಾಯಿಯನ್ನು ಅಧ್ಯಕ್ಷರು ಎರಡು ಪ್ರಶ್ನೆ ಕೇಳುವುದು ಕ್ರಮ. ನರಸಯ್ಯ ಕನ್ನಡಕ ಸರಿಮಾಡಿಕೊಳ್ಳಲು ಹೋಗಿ, ಕೈ ಏಳದೆ, ಮೂಗು ಸೊಟ್ಟ ಮಾಡಿ ಅದನ್ನು ಮೇಲೇರಿಸಿಕೊಂಡು ಕೇಳಿದ: "ರುಚಿ ಹೆಂಗಿತ್ತಮ್ಮ?"

ಸುಳ್ಳು ಹೇಳಬಹುದಿತ್ತು. ಹೊರಗೆ ನಿಂತವರು ಅದನ್ನೇ ಕಾಯುತ್ತಿದ್ದರು. ವಾಕರಿಕೆ ಬಂತು ಎಂದಿದ್ದರೆ ಅರ್ಧ ಜನ ಕ್ಷಮಿಸಿಬಿಡುತ್ತಿದ್ದರು.

"ಚೆನ್ನಾಗಿತ್ತು," ಎಂದಳು ದೇವೀರಮ್ಮ. "ಹನ್ನೊಂದು ವರ್ಷದ ಮೇಲೆ ತಿಂದೆ. ರುಚಿಯಾಗಿತ್ತು." ಕಿಟಕಿಯಲ್ಲಿ ಜವರಮ್ಮನ ಬೆನ್ನು ಒಮ್ಮೆ ನಡುಗಿತು.

"ಮೈಗೇನು ಬಂತು?"

"ನಿಮಗೆಲ್ಲ ಏನು ಬಂದಿದೆಯೋ ಅದೇ. ನೀವು ಒಗ್ಗಿದೀರ, ನನಗೆ ಹೊಸದು. ಆ ಕಡೆ ಒಬ್ಬಳು, ಈ ಕಡೆ ಒಬ್ಬಳು, ಅವರ ಎದೆ ಹೊಡ್ಕೊಳ್ಳೋದು ನನ್ನ ಪಕ್ಕೆಗೆ ಗೊತ್ತಾಗ್ತಿದೆ. ಕಾಲ ಕೆಳಗೆ ನೆಲ ಇಲ್ಲ, ತಂತಿ. ಬೆಳಗಿಂದ ಒಂದೇ ಒಂದು ಆಸೆ, ಒಂದು ಸಲ, ಒಂದೇ ಸಲ ಮೈ ಮುರೀಬೇಕು ಅಂತ." ಅವಳು ಉಸಿರೆಳೆದುಕೊಂಡಳು. "ನಾನೇನೂ ಭಾಷಣ ಮಾಡಕ್ಕೆ ಬಂದಿಲ್ಲ. ನಿಮ್ಮನ್ನ ಮೊಟ್ಟೆ ಬಿಡಿ ಅಂತಾನೂ ಹೇಳಲ್ಲ, ಹನ್ನೊಂದು ವರ್ಷ ಹೇಳಿದ್ದು ಸಾಕು. ಅಧ್ಯಕ್ಷರು ಕೇಳೋ ಪ್ರಶ್ನೇನ ಈ ಸಲ ತಿರುಗಿಸಿ ಕೇಳ್ಬೇಕು, ಅಷ್ಟೆ. ಗುತ್ತಿಗೆ ಬೇಡ ಅನ್ನೋರಲ್ಲ, ಬೇಕು ಅನ್ನೋರು ಕೈ ಎತ್ಲಿ."

ನರಸಯ್ಯ ಕಾರ್ಯದರ್ಶಿಯ ಮುಖ ನೋಡಿದ, ಕಾರ್ಯದರ್ಶಿ ಕಟ್ಟಳೆಯ ಪುಸ್ತಕ ನೋಡಿದ. ಯಾವ ಕಡೆಯಿಂದ ಕೇಳಬೇಕು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಯಾರೋ ಒಬ್ಬರು ಎಂದೋ ಹಾಗೆ ಕೇಳಿದ್ದರು, ಮಿಕ್ಕವರು ಅದನ್ನೇ ಕೇಳುತ್ತ ಬಂದಿದ್ದರು. "ಹಂಗೇ ಆಗ್ಲಿ," ಎಂದ ನರಸಯ್ಯ. "ಬೆಟ್ಟಸ್ವಾಮಿಯವರ ಗುತ್ತಿಗೆ ಬೇಕು ಅನ್ನೋರು, ತಲೆ ಮೇಲೆ ಕೈ ಎತ್ತಿ."

ಸಭೆ ಕಲ್ಲಿನಂತೆ ಕೂತಿತ್ತು. ನಾನು ಭುಜಗಳನ್ನು ನೋಡಿದೆ. ಕೆಲವು ಅದುರಿದವು, ಬೆಟ್ಟಸ್ವಾಮಿಯ ಕಡೆಯವರೂ ಇದ್ದರು, ಇಲ್ಲವೆನ್ನುವುದಿಲ್ಲ. ಬಹುಪಾಲು ಭುಜ ಮಾತ್ರ ನಿರಾಳವಾಗಿದ್ದವು, ಎಷ್ಟೋ ವರ್ಷಗಳಲ್ಲಿ ಮೊದಲ ಸಲ. ಅಷ್ಟರಲ್ಲಿ ಅಧ್ಯಕ್ಷರ ಪಕ್ಕದ ಕುರ್ಚಿಯಿಂದ ಒಂದು ಕೈ ಮೇಲೆದ್ದಿತು. ಸಲೀಸಾಗಿ, ನೆಟ್ಟಗೆ, ಬೆರಳು ಬಿಚ್ಚಿಕೊಂಡು. ಬೆಟ್ಟಸ್ವಾಮಿಯದು. ಗುತ್ತಿಗೆದಾರನೆಂದು ಅವನು ಯಾವಾಗಲೂ ಹಿಂಬಾಗಿಲಿನಿಂದ ಅಧ್ಯಕ್ಷರ ಜೊತೆಗೇ ಬರುತ್ತಿದ್ದ, ಅವನಿಗೆ ಯಾರೂ ಕೈ ಅಗಲಿಸಿ ಎಂದು ಹೇಳಿದ್ದಿಲ್ಲ. ಗುತ್ತಿಗೆ ಹೋಗಿಬಿಡುತ್ತದೆ ಎಂಬ ಗಾಬರಿಯಲ್ಲಿ ಪಾಪ ಕೈ ಎತ್ತಿಬಿಟ್ಟಿದ್ದ. ಎಲ್ಲರೂ ಆ ಕೈಯನ್ನು ನೋಡಿದರು. ಅವನೂ ತಲೆಯೆತ್ತಿ ನೋಡಿಕೊಂಡ.

"ಸ್ವಾಮಿ," ಎಂದ ಜವಾನ ಬಾಗಿಲಿಂದ, ಬಹಳ ವಿನಯವಾಗಿ, "ತಮ್ಮ ಕೈ ಎದ್ದಿದೆ."

ಮೊದಲು ನಕ್ಕವನು ಕ್ಷೌರದವನು. ಆಮೇಲೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಳ್ಳಲು ಕೈಯಿಲ್ಲದೆ ಜನ ಬೆಂಚಿನ ಮೇಲೆ ಅತ್ತಿತ್ತ ಓಲಾಡಿದರು. ಬೆಟ್ಟಸ್ವಾಮಿ ತನ್ನ ಮನೆಯ ಹಿಂದೆ ನಾಲ್ಕು ನಾಟಿ ಕೋಳಿ ಸಾಕಿಕೊಂಡಿದ್ದ, ಅವುಗಳ ಮೊಟ್ಟೆಯನ್ನಷ್ಟೇ ತಿನ್ನುತ್ತಿದ್ದ ಎಂಬುದು ಆಮೇಲೆ ಗೊತ್ತಾಯಿತು. ಶೆಡ್ಡಿನ ಮೊಟ್ಟೆ ತಿನ್ನದವನಿಗೆ ಮತವಿಲ್ಲ ಎಂದು ನರಸಯ್ಯ ಹೇಳಿದ. ಗುತ್ತಿಗೆ ಬಿದ್ದುಹೋಯಿತು. ಇನ್ನು ಮುಂದೆ, ತಿಂದವರ ಕೈ ತಲೆಯ ಮೇಲಕ್ಕೆ ಏಳುವಂಥ ಮೊಟ್ಟೆಯನ್ನಷ್ಟೇ ಹಾಸ್ಟೆಲ್ಲು, ಆಸ್ಪತ್ರೆ, ಶಾಲೆಗೆ ಕೊಳ್ಳುವುದು ಎಂದು ಪುಸ್ತಕದಲ್ಲಿ ಬರೆಸಿದರು.

ನಾವು ಹೊರಗೆ ಬಂದಾಗ ಜಗಲಿ ಖಾಲಿಯಾಗಿತ್ತು. ಗೆದ್ದದ್ದನ್ನು ಎಲ್ಲರೂ ಕಿಟಕಿಯಿಂದ ಕೇಳಿದ್ದರು, ಆದರೂ ಒಬ್ಬರೂ ನಿಂತಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಬಾಣಲೆಗಳ ಕೆಳಗೆ ಬಾಗಿಲುಗಳು ಮುಚ್ಚಿದ್ದವು. ದೇವೀರಮ್ಮ ನಮ್ಮ ಬಾಗಿಲಲ್ಲಿ ನಿಂತು, ಮಗಳನ್ನು ಕರೆದು, "ಅದನ್ನ ತೆಗೆದು ಒಳಗಿಡವ್ವ. ನಾನು ತಿಂದಿದೀನಿ. ಅದು ಅಲ್ಲಿರಬಾರದು," ಎಂದಳು.

ಅವತ್ತಿನಿಂದ ಸಾಯುವವರೆಗೆ ಅವಳು ಮತ್ತೊಂದು ಮೊಟ್ಟೆ ತಿನ್ನಲಿಲ್ಲ, ಆದರೆ ಬಾಣಲೆಯನ್ನು ಹೊರಗೆ ಹಾಕಲೂ ಇಲ್ಲ. ನಮ್ಮ ಮನೆಗೆ ಯಾರೂ ಬರಲಿಲ್ಲ. ಅವಳು ಎರಡು ಸಲ ಸಂತೆಬೀದಿಗೆ ಹೋದಳು. ಜವರಮ್ಮ ಕಡಲೆ ಅಳೆದು ಕೊಟ್ಟಳು, ಬೇರೆ ಗಿರಾಕಿಗೆ ಕೊಟ್ಟ ಹಾಗೆ. ಮನೆಗೆ ಬಂದು ದೇವೀರಮ್ಮ ಆ ಕಡಲೆಯನ್ನು ತಿನ್ನಲಾರದೆ ಡಬ್ಬಿಯಲ್ಲಿಟ್ಟಳು.

ಕೊಳ್ಳುವವರಿಲ್ಲದೆ ಬೆಟ್ಟಸ್ವಾಮಿ ತಿಂಗಳೊಪ್ಪತ್ತು ಒದ್ದಾಡಿದ. ಆಮೇಲೆ ಗೊಣಗುತ್ತ ಗೂಡಿನ ತಂತಿಗಳನ್ನು ಕತ್ತರಿಸಿಹಾಕಿ, ಶೆಡ್ಡಿನ ಹಿಂದಿನ ಗೋಡೆ ಒಡೆಸಿ ಬಾಗಿಲಿಡಿಸಿ, ಆಚೆಯ ಬಯಲಿಗೆ ಬೇಲಿ ಹಾಕಿಸಿದ. ಬಾಗಿಲು ತೆಗೆಯುವ ದಿನ ಊರೆಲ್ಲ ಬೇಲಿಯ ಸುತ್ತ ನೆರೆದಿತ್ತು. ಬಾಗಿಲು ತೆರೆಯಿತು. ಒಂದು ಕೋಳಿಯೂ ಹೊರಗೆ ಬರಲಿಲ್ಲ. ತಂತಿಯೇ ಇಲ್ಲದಿದ್ದರೂ ನಾಲ್ಕು ನಾಲ್ಕಾಗಿ ಒತ್ತಿಕೊಂಡು, ಒಳಗೆ ಬಿದ್ದ ಬಿಸಿಲನ್ನು ನೋಡುತ್ತ ನಿಂತಿದ್ದವು. ಜನ ಕಾದರು, ತಮಾಷೆ ಮಾಡಿದರು, ಊಟದ ಹೊತ್ತಾಯಿತೆಂದು ಹೋದರು. ಎರಡನೆಯ ದಿನ ಐದಾರು ಜನ ಬಂದಿದ್ದರು. ಮೂರನೆಯ ದಿನ ನಾನು ಮತ್ತು ದೇವೀರಮ್ಮ ಇಬ್ಬರೇ. ಅವಳು ಬಾಗಿಲ ಎಡಕ್ಕೆ ನೆಲದ ಮೇಲೆ ಕೂತಿದ್ದಳು. ನಾನು ಬೇಲಿ ಹತ್ತಿರ ನಿಂತಿದ್ದೆ. ಇಷ್ಟೆಲ್ಲ ಕಳೆದುಕೊಂಡು ಇವಳು ತೆರೆಸಿದ ಬಾಗಿಲಲ್ಲಿ ಯಾರೂ ದಾಟದೆ ಹೋದರೆ ಏನು ಗತಿ ಎಂದು ನನಗೆ ಭಯವಾಗಿತ್ತು.

ಬಿಸಿಲು ಏರಿದ ಮೇಲೆ ಜವರಮ್ಮ ಬಂದಳು. ನಮ್ಮನ್ನು ನೋಡಲಿಲ್ಲ. ಮಡಿಲಲ್ಲಿ ಏನನ್ನೋ ತಂದಿದ್ದಳು, ಬಾಗಿಲ ಬಲಕ್ಕೆ ಕೂತು ಅದನ್ನು ಹೊಸ್ತಿಲ ಹೊರಗಿನ ಮಣ್ಣಿಗೆ ಒಂದೊಂದೇ ಚಿಟಿಕೆ ಎರಚಿದಳು. ಕಡಲೆ ನುಚ್ಚು. ಇಬ್ಬರೂ ಬಾಗಿಲ ಎರಡು ಕಡೆ, ಮಾತಿಲ್ಲದೆ, ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಎಷ್ಟು ಹೊತ್ತು ಎಂದು ಹೇಳಲಾರೆ, ನನ್ನ ಕಾಲು ಜೋಮು ಹಿಡಿದಿತ್ತು. ಪುಕ್ಕ ಉದುರಿ ಕತ್ತು ಬೋಳಾಗಿದ್ದ ಒಂದು ಕೋಳಿ ಹೊಸ್ತಿಲವರೆಗೆ ಬಂತು. ಒಂದು ಕಾಲನ್ನು ಮಣ್ಣಿಗಿಟ್ಟು, ಸುಟ್ಟ ಹಾಗೆ ಹಿಂದಕ್ಕೆ ತೆಗೆದುಕೊಂಡಿತು. ಮತ್ತೆ ಇಟ್ಟಿತು. ಈ ಸಲ ತೆಗೆಯಲಿಲ್ಲ.

"ಅಕ್ಕ, ನೋಡು," ಎಂದಳು ಜವರಮ್ಮ, ತಡೆಯಲಾರದೆ.

ದೇವೀರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕೋಳಿ ನುಚ್ಚಿನ ಬಳಿ ನಿಂತು ಆಕಾಶದ ಕಡೆ ಒಂದು ಕಣ್ಣು ತಿರುಗಿಸಿತ್ತು.

"ನಾನು ನಿನ್ನ ಕ್ಷಮಿಸಿಲ್ಲ," ಎಂದಳು ಜವರಮ್ಮ.

"ಕ್ಷಮಿಸಬೇಡ ಕಣೇ."

"ಅವರು ಕೇಳಿದ್ದು ಒಂದೇ ಒಂದು."

"ಗೊತ್ತು."

"ಏನು ಗೊತ್ತು ನಿನಗೆ," ಎಂದು ಜವರಮ್ಮ ಕಣ್ಣೊರೆಸಿಕೊಂಡು, ಮಡಿಲಲ್ಲಿ ಉಳಿದಿದ್ದ ನುಚ್ಚಿನಲ್ಲಿ ಅರ್ಧವನ್ನು ಹೊಸ್ತಿಲ ಮೇಲಿಂದ ಈಚೆಗೆ ಚಾಚಿ ದೇವೀರಮ್ಮನ ಅಂಗೈಗೆ ಸುರಿದಳು. "ಸದ್ದು ಮಾಡಬೇಡ. ಇನ್ನೊಂದು ಬರ್ತಾ ಇದೆ."